ಎರಡನೆಯ ವೃತ್ತ

"ಜೇನು... ಮುಖಕ್ಕೆಲ್ಲ ಕಚ್ಚಿವೆ... ಗಂಟಲು ಕಟ್ಕೋತಿದೆ..."

ತುರ್ತು ಕರೆ ಕೇಂದ್ರದ ಏಳನೆಯ ಮೇಜಿನಲ್ಲಿ ದೊಡ್ಡಕ್ಕನ ಬೆರಳುಗಳು ಆಗಲೇ ಕೀಲಿಮಣೆಯ ಮೇಲೆ ಓಡುತ್ತಿದ್ದವು. ಹನ್ನೆರಡು ವರ್ಷ ಅದೇ ಕುರ್ಚಿ. ಚಿಕ್ಕವರು ದೊಡ್ಡವರೆನ್ನದೆ ಕೇಂದ್ರದ ಎಲ್ಲರಿಗೂ ಆಕೆ ದೊಡ್ಡಕ್ಕನೇ.

"ಎಲ್ಲಿದ್ದೀರಮ್ಮಾ?"

"ಗೊತ್ತಿಲ್ಲ... ಕೊರಿಯರ್ ಕೊಡೋಕೆ ಬಂದೆ... ಈ ಏರಿಯಾ ಇವತ್ತೇ ಮೊದಲು... ಅಡ್ಡದಾರಿ ಹಿಡಿದೆ... ಸುತ್ತ ಬರೀ ಗೋಡೆ..."

ಪರದೆಯ ಮೂಲೆಯಲ್ಲಿ ನಕ್ಷೆ ತೆರೆದುಕೊಂಡಿತು. ಕರೆ ಹಿಡಿದ ಮೊಬೈಲ್ ಟವರಿನ ಸುತ್ತ ಮೂರು ಕಿಲೋಮೀಟರ್ ಅಗಲದ ವೃತ್ತ. ಅರ್ಧ ಊರೇ ಅದರ ಹೊಟ್ಟೆಯೊಳಗಿತ್ತು. ಇಂಥ ವೃತ್ತಕ್ಕೆ ಕವಡೆಯ ಬೆಲೆಯೂ ಇಲ್ಲವೆಂಬುದು ದೊಡ್ಡಕ್ಕನಿಗೆ ಕರತಲಾಮಲಕವಾಗಿತ್ತು. ಅಭ್ಯಾಸಬಲದಿಂದ ಅದನ್ನು ಮುಚ್ಚಿ, ಟಿಪ್ಪಣಿಯ ಪುಟ ತೆರೆದಳು.

ಮರುಕ್ಷಣವೇ ತಾನು ಮಾಡಿದ ತಪ್ಪು ಹೊಳೆಯಿತು. ಆ ದಿನ ಬೆಳಿಗ್ಗೆಯಷ್ಟೇ ಮೊಬೈಲ್ ಕಂಪನಿಗಳು ಹೊಸ ವ್ಯವಸ್ಥೆಯನ್ನು ಚಾಲೂ ಮಾಡಿದ್ದವು. ತುರ್ತು ಸಂಖ್ಯೆ ಒತ್ತಿದ ಫೋನು ತಾನಿರುವ ಜಾಗವನ್ನು ತಾನೇ ಪತ್ತೆಹಚ್ಚಿ, ಇಪ್ಪತ್ತು ಸೆಕೆಂಡಿನೊಳಗೆ ಕೇಂದ್ರಕ್ಕೆ ಕಳುಹಿಸುತ್ತದೆ. ಆಗ ಆ ದೊಡ್ಡ ವೃತ್ತದ ಬದಲು, ಆಸಾಮಿ ಇರುವಲ್ಲೇ, ಪುಟ್ಟದಾದ ಎರಡನೆಯ ವೃತ್ತ ಮೂಡುತ್ತದೆ. ನಕ್ಷೆ ತೆರೆದಿದ್ದರೆ ಮಾತ್ರ!

"ಮೇಷ್ಟ್ರೇ, ಕೆಟ್ಟೆ! ನಕ್ಷೆ ಮುಚ್ಚಿಬಿಟ್ಟೆ!"

ತರಬೇತಿ ಕೊಟ್ಟಿದ್ದ ತಂತ್ರಜ್ಞ ಕುರ್ಚಿಸಮೇತ ಜಾರಿಕೊಂಡು ಬಂದ. "ಮೂರು ದಿನ ಬಾಯಿ ಬಡ್ಕೊಂಡೆನಲ್ಲ ದೊಡ್ಡಕ್ಕಾ! ಇನ್ನು ಅದು ತೆರೆಯಲ್ಲ. ಹೊಸ ಕರೆ ಬಂದ್ರೇನೇ."

"ನಾನೇ ಮಾಡ್ಲಾ?"

"ನೀವು ಮಾಡಿದ್ರೆ ಫೋನು ಜಾಗ ಹೇಳಲ್ಲ. ಅವರೇ ನಮಗೆ ಮಾಡ್ಬೇಕು."

ಅಂದರೆ, ಉಸಿರೆಳೆಯಲಾರದ ಹೆಂಗಸಿಗೆ ಫೋನಿಡು ಎನ್ನಬೇಕು. ಮತ್ತೆ ಒತ್ತುವಷ್ಟು ತ್ರಾಣ ಅವಳಲ್ಲಿ ಉಳಿಯದಿದ್ದರೆ?

"ಅಮ್ಮಾ, ಕೇಳಿಸ್ಕೊಳ್ಳಿ. ಕಟ್ ಮಾಡಿ, ಈಗಲೇ ಮತ್ತೆ ಇದೇ ನಂಬರ್ ಒತ್ತಿ. ಮಾತಾಡೋದು ಬೇಡ, ಒತ್ತಿದ್ರೆ ಸಾಕು."

"ಬಿಟ್ಟು... ಹೋಗ್ಬೇಡಿ ಅಕ್ಕಾ..."

"ನಿಮ್ಮನ್ನ ಹಿಡಿಯೋಕೇ ಬಿಡ್ತಿರೋದು ತಾಯೀ. ಒತ್ತಿ!"

ಕರೆ ಕಡಿಯಿತು. "ಆ ನಂಬರ್ ಯಾರಿಗೆ ಬಂದ್ರೂ ಏಳನೇ ಮೇಜಿಗೆ ಕೊಡಿ!" ಎಂದು ತಂತ್ರಜ್ಞ ಇಡೀ ಕೋಣೆಗೆ ಕೂಗಿದ. ಐದು ಸೆಕೆಂಡು. ಒಂಬತ್ತು. ಹದಿನಾಲ್ಕು...

ಕೆಂಪು ದೀಪ ಮಿನುಗಿತು. ಅದೇ ಸಂಖ್ಯೆ!

ಮಾತಿಲ್ಲ, ಸಿಳ್ಳೆಯಂಥ ಉಸಿರು ಮಾತ್ರ. ಮತ್ತದೇ ದೈತ್ಯ ವೃತ್ತ. ದೊಡ್ಡಕ್ಕ ಮೌಸನ್ನು ಮುಟ್ಟಿದರೆ ಕೇಳಿ! ಕಣ್ಣೆವೆ ಮುಚ್ಚದೆ ಕುಳಿತಳು. ಹದಿನೇಳನೆಯ ಸೆಕೆಂಡಿಗೆ ವೃತ್ತ ಗಕ್ಕನೆ ಕುಗ್ಗಿ ಬೊಟ್ಟಿನಷ್ಟಾಯಿತು: ಹಳೆಯ ಬಟ್ಟೆ ಗಿರಣಿಯ ಹಿಂದೆ, ಎರಡು ಗೋಡೆಗಳ ನಡುವಿನ ಓಣಿ.

"ನಾಲ್ಕನೇ ಗಾಡಿ! ಗಿರಣಿ ಹಿಂದಿನ ಓಣಿ! ಜೇನು ಕಚ್ಚಿದೆ, ಉಸಿರು ಕಟ್ತಿದೆ!"

ಆಂಬುಲೆನ್ಸ್ ಚಾಲಕ ಎರಡೇ ನಿಮಿಷದಲ್ಲಿ ಅಲ್ಲಿಂದ ವೈರ್‌ಲೆಸ್ಸಿನಲ್ಲಿ ಕೂಗಿದ. "ಈ ಕಡೆ ಗೇಟಿಗೆ ಬೀಗ ದೊಡ್ಡಕ್ಕಾ!"

"ಬೀಗದ ಹತ್ರ ಅಪ್ಪಣೆ ಕೇಳ್ತಾ ನಿಲ್ಬೇಡಣ್ಣಾ, ಗೋಡೆ ಹಾರು!"

ಹೆಂಗಸಿನ ಫೋನಿನಲ್ಲೇ ಧಡಧಡ ಹೆಜ್ಜೆಗಳು ಕೇಳಿಸಿದವು. "ಸಿಕ್ಕಿದ್ರು! ಇಂಜೆಕ್ಷನ್ ಕೊಟ್ಟಾಯ್ತು!" ಸಿಳ್ಳೆ ನಿಲ್ಲಲಿಲ್ಲ. ಒಂದು ನಿಮಿಷ. ಎರಡು. ಆಮೇಲೆ ಮೆಲ್ಲಗೆ ಅದು ಸಣ್ಣದಾಗಿ, ಉದ್ದನೆಯ, ಪೂರ್ಣವಾದ ಒಂದು ಉಸಿರು ಕೇಳಿಬಂತು.

ಇಡೀ ಕೋಣೆ ಹೋ ಎಂದಿತು.

"ದೊಡ್ಡಕ್ಕಾ, ಈಯಮ್ಮ ಫೋನ್ ಬಿಡ್ತಾನೇ ಇಲ್ಲ. ಬೆರಳು ಬಿಡಿಸೋಕೂ ಆಗ್ತಿಲ್ಲ!"

"ಬಿಡಿಸೋದು ಯಾಕಣ್ಣಾ? ಹಾಗೇ ಎತ್ಕೊಂಡು ಹೋಗು. ನಾನಿನ್ನೂ ಲೈನಲ್ಲೇ ಇದ್ದೀನಿ."