ಚೀಲದೊಳಗಿನ ಮಡಕೆ

ಬ್ರೆಸ್ತೋವೊ ಊರಿನ ಹೊಲಿಗೆ ಕಾರ್ಖಾನೆಯಲ್ಲಿ ಚಿಕಿತ್ಸೆಗೆಂದು ಕೊಟ್ಟ ಕೋಣೆಯ ಗಾಜಿನ ಬಾಗಿಲ ಮೇಲೆ ಕೇರಾಳ ಹೆಸರು ಬರೆಸಿದ ದಿನ ಹೆಂಗಸರೆಲ್ಲ ಯಂತ್ರ ನಿಲ್ಲಿಸಿ ಚಪ್ಪಾಳೆ ತಟ್ಟಿದ್ದರು. ಆ ಕಾರ್ಖಾನೆಯಲ್ಲಿ ಯಂತ್ರ ನಿಲ್ಲುವುದೆಂದರೆ ಸಣ್ಣ ಮಾತಲ್ಲ. ಮ್ಯಾನೇಜರ್ ಬೊಯ್ಚೆವ್ ತಾನೇ ಕೈಯೆತ್ತಿ ನಿಲ್ಲಿಸಿದ್ದ. ‘ಕೈರೋಪ್ರಾಕ್ಟಿಕ್ ಮತ್ತು ಪಾರಂಪರಿಕ ಚಿಕಿತ್ಸೆ: ಕೇರಾ ಪ್ರೋದನೋವಾ’ ಎಂದು ನೀಲಿ ಅಕ್ಷರ. ಐವತ್ತೆಂಟರ ಕೇರಾ ಅದರ ಮುಂದೆ ನಿಂತಿದ್ದಳು. ಎಲ್ಲರೂ ಹೋದ ಮೇಲೆ ಏಪ್ರನ್ನಿನ ತುದಿಯಿಂದ ಗಾಜನ್ನು ಇನ್ನೊಮ್ಮೆ ಒರೆಸಿದಳು.

ಅವಳಿಗೆ ಹೆಮ್ಮೆಯಾಗದೆ ಇದ್ದೀತೇ? ಇದೇ ಕಟ್ಟಡ ಹಿಂದೆ ತಂಬಾಕಿನ ಗೋದಾಮಾಗಿತ್ತು. ಮೂಟೆ ಹೊತ್ತವರ ಜಾರಿದ ಭುಜ ಕೂಡಿಸಲು ಅವಳ ಅಜ್ಜ ಪ್ರೋದನ್‌ನನ್ನು ಕರೆಸುತ್ತಿದ್ದರು, ಆದರೆ ಹಿಂಬಾಗಿಲಿನಿಂದ. ಗೋದಾಮಿನ ವೈದ್ಯ ಅವನನ್ನು ಎರಡು ಸಲ ಪೊಲೀಸರಿಗೆ ಹಿಡಿದುಕೊಟ್ಟಿದ್ದ. ಎರಡನೇ ಸಲ ಠಾಣೆಯ ಪೇದೆಯ ಉಳುಕಿದ ಕಾಲನ್ನು ಸರಿಮಾಡಿ ಅಜ್ಜ ಮನೆಗೆ ನಡೆದು ಬಂದಿದ್ದ. ಅಂಥವನ ವಿದ್ಯೆಗೆ ಈಗ ಮುಂಬಾಗಿಲು, ನೀಲಿ ಅಕ್ಷರ.

ಪ್ರತಿ ಶುಕ್ರವಾರ ಊಟದ ನಂತರ ಇಪ್ಪತ್ತನಾಲ್ಕು ಹೆಂಗಸರು, ಒಬ್ಬೊಬ್ಬರಿಗೆ ಐದು ನಿಮಿಷ. ಸೋಪು ತುರಿದು ಬೆರೆಸಿದ ರಾಕಿಯಾ ಸಾರಾಯಿಯನ್ನು ಕೇರಾ ಅಂಗೈಗೆ ಸುರಿದುಕೊಂಡು ಬೆನ್ನು ತಿಕ್ಕುವಳು, ಸೊಂಟ ಹಿಡಿದು ತಿರುಗಿಸುವಳು, ಎಲ್ಲೋ ಒಳಗೆ ಲಟ್ಟೆಂದು ಸದ್ದಾಗುವುದು, ಹೆಂಗಸರು ‘ಅಮ್ಮಾ’ ಎಂದು ನಿಟ್ಟುಸಿರು ಬಿಡುವರು.

“ಕೇರಾ ಚಿಕ್ಕಮ್ಮ, ನಮ್ಮನೆಯವನ ಕತ್ತನ್ನೂ ಒಂದ್ಸಲ ತಿರುಗಿಸಿ ಕೊಡಿ. ಸಂಜೆಯಾದ್ರೆ ಮನೆ ಕಡೆ ತಿರುಗೋದೇ ಇಲ್ಲ.”

“ಅದು ಕತ್ತಿನ ದೋಷ ಅಲ್ಲ ಕಣೇ, ಕಣ್ಣಿಂದು. ಕಣ್ಣಿಗೆ ನಾನು ಕೈ ಹಾಕಲ್ಲ.”

ಮೂರನೇ ತಿಂಗಳು ಸೂಚನಾ ಫಲಕದಲ್ಲಿ ಒಂದು ಚೀಟಿ ಬಂತು. ‘ಈ ತಿಂಗಳು ಅನಾರೋಗ್ಯ ರಜೆ: ಒಂದೂ ಇಲ್ಲ. ಕೇರಾ ಚಿಕ್ಕಮ್ಮನ ಕೈಗಳಿಗೆ ವಂದನೆ.’ ಕೇರಾ ಅದನ್ನು ಹೋಗುವಾಗೊಮ್ಮೆ ಬರುವಾಗೊಮ್ಮೆ ಓದಿದಳು. ಒಂದು ವಿಷಯ ಮಾತ್ರ ಅವಳನ್ನು ಚುಚ್ಚುತ್ತಿತ್ತು. ಹೋದ ಶುಕ್ರವಾರ ಸಡಿಲಿಸಿದ ಬೆನ್ನು ಈ ಶುಕ್ರವಾರ ಮತ್ತೆ ಅದೇ ಜಾಗದಲ್ಲಿ, ಎಡಭುಜದ ಕೆಳಗೆ, ಕಲ್ಲಾಗಿ ಬಂದಿರುತ್ತಿತ್ತು. ಒಬ್ಬಳದ್ದಲ್ಲ, ಇಪ್ಪತ್ತನಾಲ್ಕೂ ಬೆನ್ನು. ಅಜ್ಜ ಕೂಡಿಸಿದ ಭುಜ ಮುಂದಿನ ವಾರ ಮತ್ತೆ ಜಾರಿ ಬಂದದ್ದನ್ನು ಅವಳು ಕಂಡಿರಲಿಲ್ಲ. ಆದರೂ ಹೆಸರು ಗಾಜಿನ ಮೇಲಿತ್ತು, ಹೆಂಗಸರು ಹರಸುತ್ತಿದ್ದರು. ಆ ಮುಳ್ಳನ್ನು ಅವಳು ಒಳಗೇ ನುಂಗಿಕೊಂಡಳು.

ಆ ಇಪ್ಪತ್ತನಾಲ್ವರಲ್ಲಿ ಒಬ್ಬಳಾದ ದಫಿನಾ ನಡೆಯಲಾಗದೆ ಬಂದದ್ದು ನವೆಂಬರಿನ ಒಂದು ಶುಕ್ರವಾರ. ಮೂವತ್ತನಾಲ್ಕು ವರ್ಷದ ಗಟ್ಟಿಗಿತ್ತಿ; ಜೇಬು ಹೊಲಿಯುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಅವತ್ತು ಇಬ್ಬರು ಹೆಂಗಸರು ಅವಳ ಕಂಕುಳಿಗೆ ಕೈ ಕೊಟ್ಟು ತಂದು ಮಂಚದ ಮೇಲೆ ಬೋರಲು ಮಲಗಿಸಿದರು. ಹಿಂದೆಯೇ ಬೊಯ್ಚೆವ್ ಬಂದ.

“ಲಾರಿ ನಾಳೆ ಬೆಳಿಗ್ಗೆ ಹೊರಡುತ್ತೆ ಚಿಕ್ಕಮ್ಮ. ಜೇಬಿಲ್ಲದ ಕೋಟು ಕಳಿಸೋಕಾಗುತ್ತಾ? ಎರಡು ಲಟಕ್ ಅನ್ನಿಸಿ, ಎದ್ದು ಕೂತ್ಕೊಳ್ಳಲಿ.”

ಕೇರಾ ರಾಕಿಯಾ ಸುರಿದುಕೊಂಡು ಕೈ ಇಟ್ಟಳು. ಬೆನ್ನು ಹಲಗೆಯ ಹಾಗಿತ್ತು. ಅದು ಹೊಸದಲ್ಲ. ಕೈ ಕೆಳಗಿಳಿಸಿದಳು. ಬಲಗಾಲಿನ ಪಾದ ಎತ್ತಲು ಹೇಳಿದಳು. ಪಾದ ಏಳಲಿಲ್ಲ. ತೊಡೆಯ ಒಳಭಾಗ ಚಿವುಟಿದಳು.

“ಗೊತ್ತಾಯ್ತಾ?”

“ಏನು?”

“ಚಿವುಟಿದ್ದು.”

“ಇಲ್ಲ ಚಿಕ್ಕಮ್ಮ.”

ಕೇರಾ ಬಾಗಿ ಅವಳ ಕಿವಿಯ ಬಳಿ ಕೇಳಿದಳು. “ಬೆಳಿಗ್ಗೆಯಿಂದ ಒಂದಕ್ಕೆ ಹೋಗಿದೀಯಾ?”

ದಫಿನಾ ಮುಖವನ್ನು ದಿಂಬಿಗೆ ಒತ್ತಿಕೊಂಡಳು. “ಹೋದೆ. ಬರಲೇ ಇಲ್ಲ. ಹೊಟ್ಟೆ ಬಿರೀತಿದೆ, ಆದ್ರೂ ಬರ್ತಿಲ್ಲ. ಯಾರಿಗೂ ಹೇಳ್ಬೇಡಿ.”

ಕೇರಾ ಕೈ ತೆಗೆದಳು.

ಅಜ್ಜ ಪ್ರೋದನ್ ಕಲಿಸುತ್ತಿದ್ದ ರೀತಿ ಹೀಗಿತ್ತು. ಮೇಕೆಯ ಕೂದಲಿನ ಚೀಲದೊಳಗೆ ಒಂದು ಮಣ್ಣಿನ ಮಡಕೆ ಹಾಕಿ ಬಾಯಿ ಕಟ್ಟಿ, ಕೊಡತಿಯಿಂದ ಒಂದು ಪೆಟ್ಟು ಕೊಡುತ್ತಿದ್ದ. ಚೀಲ ಬಿಚ್ಚುವಂತಿಲ್ಲ; ಹೊರಗಿನಿಂದಲೇ ತಡಕಿ ಚೂರಿಗೆ ಚೂರು ಕೂಡಿಸಿ ಒಳಗೆ ಮಡಕೆ ನಿಲ್ಲಿಸಬೇಕು. ಕೇರಾ ಮತ್ತು ಅವಳ ಅಣ್ಣ ಆಸೆನ್ ಎಂಟು ವರ್ಷ ಅದನ್ನೇ ಮಾಡಿದರು. ಕೊನೆಯ ಪರೀಕ್ಷೆಯ ಚೀಲ ಇಬ್ಬರಿಗೂ ಒಂದೇ ದಿನ ಬಂತು. ಆಸೆನ್ ಮಧ್ಯಾಹ್ನದೊಳಗೆ ಮಡಕೆ ನಿಲ್ಲಿಸಿದ, ಊರೆಲ್ಲ ಭೇಷ್ ಎಂದಿತು. ಕೇರಾ ಎರಡು ದಿನ ತಡಕಿದಳು. ಮೂರನೇ ದಿನ ಚೀಲವನ್ನು ಅಜ್ಜನ ಮುಂದಿಟ್ಟು ಅಳುತ್ತ ಅಂದಳು: “ಇದರಲ್ಲಿ ಒಂದು ಚೂರೇ ಇಲ್ಲ ಅಜ್ಜ. ನನ್ನ ಕೈಲಾಗಲ್ಲ.” ಅಜ್ಜ ಸೊಂಟದ ಪಟ್ಟಿಯೊಳಗಿಂದ ಎರಡು ಚೂರು ತೆಗೆದ. ಒಂದು ಅಣ್ಣನ ಚೀಲದ್ದು, ಒಂದು ಅವಳದ್ದು. “ಇಲ್ಲದ್ದನ್ನ ಇದೆ ಅಂತ ಒತ್ತಿ ಕೂರಿಸಿದವನು ಕುರಿ ಕಾಯಲಿ” ಎಂದ. “ಇಲ್ಲ ಅಂದವಳು ಇನ್ನು ಮೇಲೆ ಮನುಷ್ಯರ ಮೇಲೆ ಕೈ ಇಡಬಹುದು.”

“ಏನಾಯ್ತು, ಶುರು ಮಾಡಿ” ಎಂದ ಬೊಯ್ಚೆವ್.

“ಇದು ನನ್ನದಲ್ಲ. ಬೆನ್ನಿನೊಳಗಿನ ನರ ಅಮುಕಿಕೊಂಡಿದೆ. ನಾನು ತಿರುಗಿಸಿದ್ರೆ ಇವಳು ಈ ಮಂಚದಿಂದ ಏಳಲ್ಲ. ಆಸ್ಪತ್ರೆಗೆ ಹೋಗಬೇಕು, ಈಗಲೇ.”

“ಆಸ್ಪತ್ರೆ ಅಂದ್ರೆ ರಜೆ, ರಜೆ ಅಂದ್ರೆ ಕಾಗದ ಪತ್ರ. ಮೂರು ತಿಂಗಳಿಂದ ಎಲ್ಲರ ಬೆನ್ನೂ ಸರಿ ಮಾಡಿದೀರಿ, ಇವಳದ್ದು ಮಾತ್ರ ಆಗಲ್ಲವಾ? ನಿಮ್ಮ ವಿದ್ಯೆ ಕೆಲಸ ಮಾಡುತ್ತೋ ಇಲ್ವೋ? ಇಲ್ಲ ಅಂತಾದ್ರೆ ಹೇಳಿಬಿಡಿ, ಇವತ್ತೇ ಗಾಜು ಕೆರೆಸ್ತೀನಿ.”

ಕೇರಾ ಅವನ ಕಣ್ಣಿಗೆ ಕಣ್ಣಿಟ್ಟು ನೋಡಿದಳು. ಅವಳು ಕುಳ್ಳಿ, ಅವನು ಎತ್ತರ. ಆದರೂ ಬಾಗಿಲಲ್ಲಿ ನಿಂತಿದ್ದ ಹೆಂಗಸರಿಗೆ ಆ ಹೊತ್ತು ಹಾಗೆ ಕಾಣಲಿಲ್ಲ.

“ಮಾಡುತ್ತೆ” ಎಂದಳು. “ಮಾಡುತ್ತೆ ಅಂತಲೇ ಕೈ ತೆಗೆದಿದ್ದು. ಗಾಜು ಕೆರೆಸು ಮಗನೇ. ನಮ್ಮಜ್ಜ ಗಾಜಿಲ್ಲದೆ ಬದುಕಿದ್ದ.”

ಬಟ್ಟೆಯ ಸುರುಳಿ ತಂದಿದ್ದ ವ್ಯಾನು ಅಂಗಳದಲ್ಲಿತ್ತು. ಕೇರಾ ಕೂಗುವ ಮುಂಚೆಯೇ ಕತ್ತರಿಸುವ ಮೇಜಿನ ಹಲಗೆ ಬಂತು. ಆರು ಹೆಂಗಸರು ದಫಿನಾಳನ್ನು ಅಲುಗಿಸದೆ ಅದರ ಮೇಲೆ ಸರಿಸಿದರು. ಬೊಯ್ಚೆವ್ ಬಾಗಿಲಿಗೆ ಅಡ್ಡ ನಿಂತು “ಯಾರು ಹೊರಗೆ ಹೋಗ್ತಾರೋ ಅವರು…” ಎಂದು ಶುರು ಮಾಡಿದ. ಹಲಗೆ ಅವನ ಎದೆಗೆ ಬಂದು ತಾಗಿತು. ಅವನು ಪಕ್ಕಕ್ಕೆ ಸರಿದ.

ಜಿಲ್ಲಾ ಆಸ್ಪತ್ರೆಯಲ್ಲಿದ್ದ ನರವೈದ್ಯೆ ಡಾಕ್ಟರ್ ಸ್ತಮೋವಾ ಕೇರಾಳನ್ನು ಬಲ್ಲಳು. ‘ಬೆನ್ನು ಹಿಂಡುವ ಹಳ್ಳಿ ಹೆಂಗಸರನ್ನು ನಂಬಬೇಡಿ’ ಎಂದು ಸ್ಥಳೀಯ ರೇಡಿಯೋದಲ್ಲಿ ಮಾತಾಡಿದವಳು ಇವಳೇ. ಅದನ್ನು ಕೇಳಿ ಕೇರಾ ರೇಡಿಯೋದ ಕಿವಿ ಹಿಂಡಿದ್ದಳು. ಈಗ ಸ್ತಮೋವಾಳ ಮೊದಲ ಮಾತು ಚಾಟಿಯಂತೆ ಬಂತು.

“ಎಷ್ಟು ಸಲ ತಿರುಗಿಸಿದ್ರಿ?”

“ಹೋದ ಶುಕ್ರವಾರದವರೆಗೆ ವಾರಕ್ಕೊಂದು ಸಲ. ಇವತ್ತು ಒಂದೂ ಇಲ್ಲ. ಬಲಪಾದ ಏಳ್ತಿಲ್ಲ, ತೊಡೆಯ ಒಳಗೆ ಸ್ಪರ್ಶ ಇಲ್ಲ, ಬೆಳಿಗ್ಗೆಯಿಂದ ಮೂತ್ರ ಕಟ್ಟಿದೆ.”

ಸ್ತಮೋವಾ ಬರೆಯುತ್ತಿದ್ದ ಪೆನ್ನು ನಿಂತಿತು. ಅರ್ಧ ಗಂಟೆಯಲ್ಲಿ ಸ್ಕ್ಯಾನ್ ಆಯಿತು. ಸಂಜೆಯೊಳಗೆ ದಫಿನಾ ಆಪರೇಷನ್ ಮೇಜಿನ ಮೇಲಿದ್ದಳು.

ಕೇರಾ ಎರಡು ದಿನ ಮನೆಗೆ ಹೋಗಲಿಲ್ಲ. ತನ್ನ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತ ಕೂತಳು. ಹೋದ ಶುಕ್ರವಾರ, ಅದರ ಹಿಂದಿನ ಶುಕ್ರವಾರ ಇವೇ ಕೈಗಳು ಆ ಬೆನ್ನನ್ನು ಸಡಿಲಿಸಿ ಮತ್ತೆ ಅದೇ ಯಂತ್ರದ ಮುಂದಕ್ಕೆ ಕಳಿಸಿದ್ದವು.

ಭಾನುವಾರ ಬೆಳಿಗ್ಗೆ ಸ್ತಮೋವಾ ಎರಡು ಲೋಟ ಬೆಟ್ಟದ ಸೊಪ್ಪಿನ ಚಹಾ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತಳು.

“ಮೂತ್ರ ಹೋಯ್ತು. ಹೆಬ್ಬೆರಳು ಅಲ್ಲಾಡಿಸ್ತಿದಾಳೆ. ಪೂರ್ತಿ ಮಾತು ಕೊಡಲಾರೆ, ಆದ್ರೆ ನಡೀತಾಳೆ ಅಂತ ನನ್ನ ನಂಬಿಕೆ. ಒಂದು ದಿನ ತಡವಾಗಿದ್ರೆ…” ಮಾತು ಮುಗಿಸದೆ ಕೇಳಿದಳು, “ಇದನ್ನೆಲ್ಲ ಎಲ್ಲಿ ಕಲಿತ್ರಿ?”

“ಒಂದು ಚೀಲದಲ್ಲಿ” ಎಂದಳು ಕೇರಾ, ಚಹಾ ಊದುತ್ತ.

ಸ್ತಮೋವಾ ನಕ್ಕಳು. “ಒಂದು ಮಾತು ನೇರವಾಗಿ ಕೇಳಲಾ? ನಾನು ಪುರಾವೆ ಕೇಳೋಳು. ನಿಮ್ಮ ಚಿಕಿತ್ಸೆ ನಿಜವಾಗಲೂ ಕೆಲಸ ಮಾಡುತ್ತಾ?”

“ಪುರಾವೆ ನಾನೂ ಕೇಳ್ತೀನಿ ಡಾಕ್ಟ್ರೇ. ಜಾರಿದ ಭುಜ ಕೂತಿತು ಅಂದ್ರೆ ಕೈ ಎತ್ತಿ ತೋರ್ಸು ಅಂತೀನಿ. ಎತ್ತಿದ್ರೆ ಕೂತಿದೆ, ಇಲ್ಲಾಂದ್ರೆ ಇಲ್ಲ. ಉಳುಕಿಗೂ ಅಷ್ಟೆ. ಉಬ್ಬಸಕ್ಕೆ, ಸಕ್ಕರೆ ಕಾಯಿಲೆಗೆ, ಬಸಿರು ನಿಲ್ಲೋದಕ್ಕೆ ಬೆನ್ನು ಹಿಂಡ್ತೀನಿ ಅನ್ನೋರಿದಾರಲ್ಲ, ಅವರು ನನ್ನ ಕುಲದೋರಲ್ಲ. ಕಳ್ಳರು.”

“ಬೆನ್ನು ನೋವಿಗೆ?”

“ತಿಕ್ಕಿದ್ರೆ ಎರಡು ಮೂರು ದಿನ ಹಗುರ.”

“ತಿಕ್ಕಿದ್ರಿಂದ ಹಗುರವೋ, ಐದು ನಿಮಿಷ ಮಲಗಿದ್ರಿಂದ ಹಗುರವೋ?”

ಕೇರಾ ಲೋಟ ಕೆಳಗಿಟ್ಟಳು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ದಿನಕ್ಕೆ ಹತ್ತು ಗಂಟೆ ಯಂತ್ರದ ಮುಂದೆ ಬಾಗಿರುವ ಇಪ್ಪತ್ತನಾಲ್ಕು ಹೆಂಗಸರು ವಾರವಿಡೀ ಬೆನ್ನು ಚಾಚುವ ಒಂದೇ ಒಂದು ಜಾಗವೆಂದರೆ ತನ್ನ ಮಂಚ. ಇಪ್ಪತ್ತನಾಲ್ಕೂ ಬೆನ್ನಿನಲ್ಲಿ ಗಂಟು ಒಂದೇ ಕಡೆ. ಎಡಭುಜದ ಕೆಳಗೆ. ಈ ಬೆನ್ನುಗಳ ಚೀಲದಲ್ಲಿ ಇಲ್ಲದ ಚೂರು ಯಾರ ಸೊಂಟದ ಪಟ್ಟಿಯಲ್ಲಿದೆ ಎಂದು ಅವಳಿಗೆ ತಟ್ಟನೆ ಹೊಳೆಯಿತು.

“ಡಾಕ್ಟ್ರೇ, ನೀವು ಕೇಳಿದ್ದು ಸರಿಯಾಗಿದೆ” ಎಂದಳು. “ಉತ್ತರ ನಾಳೆ ಕಾರ್ಖಾನೆಯಲ್ಲಿ ಹೇಳ್ತೀನಿ.”

ಸೋಮವಾರ ಬೆಳಿಗ್ಗೆ ಗಾಜಿನ ಮೇಲೆ ಹೆಸರು ಇನ್ನೂ ಇತ್ತು. ಕೆರೆಸುವುದು ಲಾರಿಯ ಗಡಿಬಿಡಿಯಲ್ಲಿ ಬೊಯ್ಚೆವ್‌ಗೆ ಮರೆತಿತ್ತು. ಕೇರಾ ಕೋಣೆಯೊಳಗೆ ಹೋಗಲಿಲ್ಲ. ನೇರ ಯಂತ್ರಗಳ ಸಾಲಿದ್ದ ಹೊಲಿಗೆ ಅಂಕಣಕ್ಕೆ ಹೋಗಿ ದಫಿನಾಳ ಕುರ್ಚಿಯನ್ನು ಎತ್ತಿಕೊಂಡಳು. ಹಿಂದಾಸರೆ ಮುರಿದ ಮರದ ಕುರ್ಚಿ. ಒಂದು ಕಾಲು ಗಿಡ್ಡವಾಗಿ ಅದರಡಿ ಮಡಿಸಿದ ಬಟ್ಟೆ. ಸಾಲಿನಲ್ಲಿದ್ದವೆಲ್ಲ ಹೆಚ್ಚುಕಡಿಮೆ ಇಂಥವೇ; ಯಾವುದರ ಮೇಲೆ ಯಾರು ಕೂತರೂ ಎಡಕ್ಕೆ ವಾಲಿ, ಭುಜ ಇಳಿಸಿಕೊಂಡು ಹೊಲಿಯಬೇಕು. ತಂಬಾಕಿನ ಕಾಲದಲ್ಲಿ ಎಲೆ ಪೋಣಿಸುತ್ತ ಕೇರಾ ಹುಡುಗಿಯಾಗಿದ್ದಾಗ ಕೂತಿದ್ದು ಇಂಥದ್ದೇ ಕುರ್ಚಿಯ ಮೇಲೆ. ಅದನ್ನು ಹೊತ್ತು ತಂದು ತನ್ನ ಮಂಚದ ಮೇಲೆ ಬೋರಲು ಮಲಗಿಸಿದಳು.

“ಏನಿದು?” ಓಡಿ ಬಂದ ಬೊಯ್ಚೆವ್ ಬಾಗಿಲಲ್ಲೇ ನಿಂತ.

“ಇವತ್ತಿನ ರೋಗಿ.”

“ತಮಾಷೆನಾ?”

“ನನ್ನ ವಿದ್ಯೆ ಕೆಲಸ ಮಾಡುತ್ತೋ ಇಲ್ವೋ ಅಂತ ಕೇಳಿದೆಯಲ್ಲ. ಮೂರು ತಿಂಗಳು ತಪ್ಪು ರೋಗೀನ ಮುಟ್ಟಿದೀನಿ. ಮುರಿದಿರೋದು ಇದು. ಇವರ ಬೆನ್ನಿಗೆ ಮದ್ದು ಬೇಕಂದ್ರೆ ಎತ್ತರ ಸರಿ ಇರೋ ಕುರ್ಚಿ, ಎರಡು ಗಂಟೆಗೊಂದ್ಸಲ ಎದ್ದು ನಿಲ್ಲೋ ಬಿಡುವು, ನೋವಾದಾಗ ಹೆದರದೆ ಕೇಳೋ ರಜೆ. ಫಲಕದ ಮೇಲೆ ಹಾಕಿದ್ಯಲ್ಲ, ರಜೆ ಒಂದೂ ಇಲ್ಲ ಅಂತ. ಆ ಚೀಟಿ ಕಿತ್ತು ತಾ, ನಾನೇ ಒಲೆಗೆ ಹಾಕ್ತೀನಿ. ಅದರಲ್ಲಿ ನನ್ನ ಕೈ ಹೆಸರಿದೆ.”

“ನೀವೇನು ವೈದ್ಯರಾ, ಕಾರ್ಮಿಕ ಸಂಘದವರಾ?”

“ಪ್ರೋದನ್ ಮೊಮ್ಮಗಳು.”

ಅಂಕಣದಲ್ಲಿ ಒಂದು ಯಂತ್ರ ನಿಂತಿತು. ಆಮೇಲೆ ಇನ್ನೊಂದು. ಕತ್ತು ತಿರುಗದ ಗಂಡನ ಹೆಂಡತಿ ತನ್ನ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಸಾಲು ಬಿಟ್ಟು ಬಂದಳು. “ಚಿಕ್ಕಮ್ಮ, ನನ್ನದನ್ನೂ ನೋಡಿ, ಆರು ವರ್ಷದ ನೋವು” ಎಂದು ಮಂಚದ ಪಕ್ಕದಲ್ಲಿಟ್ಟಳು. ಹೆಂಗಸರು ಕಿಸಕ್ಕನೆ ನಕ್ಕರು. ಒಂದೊಂದಾಗಿ ಬಂದವು: ದಾರ ಸುತ್ತಿದ ಕುರ್ಚಿ, ದಿಂಬು ಕಟ್ಟಿದ ಕುರ್ಚಿ, ಮೊಳೆ ಎದ್ದ ಕುರ್ಚಿ. ಕೋಣೆ ತುಂಬಿತು, ಹೊರಗೆ ನಡುದಾರಿ ತುಂಬಿತು. ಕೂರಲು ಒಂದೂ ಕುರ್ಚಿ ಉಳಿಯದ ಅಂಕಣದಲ್ಲಿ ಹೆಂಗಸರು ಬೆನ್ನು ನೆಟ್ಟಗೆ ಮಾಡಿಕೊಂಡು ನಿಂತಿದ್ದರು.

ಬೊಯ್ಚೆವ್ ಆ ರಾಶಿಯನ್ನು ನೋಡಿದ, ನಿಂತ ಯಂತ್ರಗಳನ್ನು ನೋಡಿದ. ಅವನ ದನಿ ಇಳಿದಿತ್ತು.

“ಇದೆಲ್ಲ ಸರಿಹೋಗೋಕೆ ಎಷ್ಟು ದಿನ ಹಿಡಿಯುತ್ತೆ?”

ಕೇರಾ ರಾಕಿಯಾದ ಶೀಸೆಗೆ ಬಿರಡೆ ಹಾಕಿದಳು. ತೋಳು ಮಡಿಸಿಕೊಂಡು, ಮಂಚದ ಮೇಲೆ ಬೋರಲು ಮಲಗಿದ್ದ ಕುರ್ಚಿಯ ಗಿಡ್ಡ ಕಾಲನ್ನು ಒಮ್ಮೆ ಅಲ್ಲಾಡಿಸಿ ನೋಡಿದಳು.

“ಅದು ನಿನ್ನ ಕೈಲಿದೆ” ಎಂದಳು. “ಅಲ್ಲೀವರೆಗೆ ಈ ರೋಗಿಗಳು ಇಲ್ಲೇ ಮಲಗಿರ್ತಾರೆ.”