ಮಾವನ ಪಾಲಿನ ಕೋಳಿಗಳು

ಫೀಡ್ ಬೆರೆಸುವ ಕೋಣೆಯ ಬೀಗದ ಕೈ ಇಪ್ಪತ್ತು ವರ್ಷದಿಂದ ಮಾವನ ಸೊಂಟದಲ್ಲೇ ಇತ್ತು. ಅದು ತನ್ನ ಕೈಗೆ ಬರಲೇಬೇಕೆಂದು ಸೊಸೆಯ ಹಟ. ಬೆರೆಸುವವರು ಅವರು, ಶೆಡ್ಡಿನ ನೆಲಕ್ಕೆ ಹಾಸಿದ ಮರದ ಹೊಟ್ಟು ಒದ್ದೆಯಾದಾಗ ಮೂಗು ಮುಚ್ಚಿಕೊಂಡು ಬಾಚುವವಳು ಇವಳು. ಇದ್ಯಾವ ನ್ಯಾಯ?

"ಸೋಯಾ ಹಿಂಡಿ ಜಾಸ್ತಿಯಾಯ್ತು ಮಾವ. ಅರಗದೆ ಉಳಿದದ್ದು ಕರುಳು ಕೆಡಿಸುತ್ತೆ, ಹಿಕ್ಕೆ ನೀರಾಗುತ್ತೆ. ಹಿಂಡಿ ಇಳಿಸಿ ಈ ಅಮೈನೋ ಆಮ್ಲದ ಪುಡಿ ಸೇರಿಸೋಣ, ಬೇಕಾದ ಸತ್ವ ಇದರಲ್ಲೇ ಸಿಗುತ್ತೆ."

"ಪುಡಿ ತಿನ್ನೋಕೆ ನನ್ನ ಕೋಳಿಗೇನು ಕಾಯಿಲೆನಾ?" ಎಂದು ಮಾವ ನಕ್ಕರು. ಆದರೂ ಪಂದ್ಯಕ್ಕೆ ಒಪ್ಪಿದರು. ಶೆಡ್ಡಿನ ನಡುವೆ ಜಾಲರಿ ಬಿತ್ತು. ಎಡಕ್ಕೆ ಸೊಸೆಯ ಕೋಳಿಗಳು, ಬಲಕ್ಕೆ ಮಾವನವು. ಮೂವತ್ತೈದನೇ ದಿನ ಎರಡೂ ಕಡೆಯ ಹೊಟ್ಟನ್ನು ಮುಷ್ಟಿಯಲ್ಲಿ ಹಿಸುಕಿ ನೋಡುವುದು. ಅವಳ ಕಡೆಯದು ಉದುರಿ, ಅವರದು ಉಂಡೆಯಾದರೆ ಬೀಗದ ಕೈ ಅವಳಿಗೆ, ಸಲಿಕೆ ಅವರಿಗೆ. ಸಮವಾದರೆ ಎಲ್ಲ ಮೊದಲಿನಂತೆಯೇ.

ಹದಿನೈದನೇ ದಿನಕ್ಕೆ ಮಾವನ ಕಡೆ ಪಚಪಚ. ಸೊಸೆಗೆ ಹಿಗ್ಗೋ ಹಿಗ್ಗು.

ಆದರೆ ಮೂವತ್ತೈದನೇ ದಿನ ಎರಡು ಮುಷ್ಟಿಯಿಂದಲೂ ಹೊಟ್ಟು ಪುಡಿಪುಡಿಯಾಗಿ ಉದುರಿತು!

"ನೋಡಿದ್ಯೇನಮ್ಮಾ? ಪುಡಿ ಗಿಡಿ ಏನೂ ಬೇಡ," ಎಂದರು ಮಾವ. ಯಾಕೋ ದನಿಯಲ್ಲಿ ಗೆದ್ದ ಗತ್ತಿರಲಿಲ್ಲ.

ಸೊಸೆ ಅಳು ನುಂಗಿಕೊಂಡು ಸಂಜೆಯ ಪಾಲು ಬೆರೆಸಲು ಅವರ ಹಿಂದೆಯೇ ಹೋದಳು. ಪುಡಿಯ ಡಬ್ಬಕ್ಕೆ ಚಮಚ ಹಾಕಿದರೆ ತಳ ಕೆರೆಯಿತು. ಅಳೆದೇ ಹಾಕುವವಳು ಅವಳು. ಇನ್ನೂ ಅರ್ಧ ಡಬ್ಬ ಇರಬೇಕಿತ್ತು.

"ಮಾವಾ, ಪುಡಿ ಎಲ್ಲಿ?"

ಮಾವ ಕೆಮ್ಮಿದರು. ಸೂರು ನೋಡಿದರು. "ಇಲಿ ಇರಬೇಕು."

"ಅಳತೆ ಚಮಚ ಹಿಡಿದು ತಿನ್ನೋ ಇಲಿನಾ?"

"ಅಯ್ಯೋ, ಏನು ಮಾಡ್ಲಮ್ಮಾ? ನಿನ್ನವು ಜಾಲರಿ ಆಚೆ ಕುಣೀತಿದ್ವು. ನನ್ನವು ಒದ್ದೆಯಲ್ಲಿ ಕೂತು ನನ್ನ ಮುಖಾನೇ ನೋಡ್ತಿದ್ವು. ಪಂದ್ಯ ಕಟ್ಟಿದ್ದು ನಾನು, ಅವು ಅಲ್ವಲ್ಲ! ಹದಿನಾರನೇ ದಿನದಿಂದ ಹಿಂಡಿ ಇಳಿಸಿ, ನೀನು ಹೇಳಿದಷ್ಟೇ ಪುಡಿ ಹಾಕ್ದೆ. ಒಂದು ಚಮಚ ಹೆಚ್ಚಿಲ್ಲ."

ಸೊಸೆ ಫೀಡ್ ಚೀಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಈ ಮುದುಕರನ್ನು ಸೋಲಿಸಬೇಕೆಂದು ಒಂದು ತಿಂಗಳು ಹಲ್ಲು ಕಚ್ಚಿದ್ದವಳಿಗೆ ಈಗ ಅವರ ಮೇಲೆ ಪ್ರೀತಿ ಉಕ್ಕಿ ಬಂತು.

ಮಾವ ಸೊಂಟದಿಂದ ಬೀಗದ ಕೈ ಬಿಚ್ಚಿ ಅವಳ ಅಂಗೈಯಲ್ಲಿಟ್ಟರು. "ಪುಡಿ ಹಾಕ್ದೆ ಇದ್ದಿದ್ರೆ ನಂದು ಉಂಡೆನೇ ಆಗ್ತಿತ್ತು. ಮಾತು ಅಂದ್ರೆ ಮಾತು. ಎಲ್ಲಿ, ಆ ಸಲಿಕೆ ಕೊಡು."

"ಏನು ಬಾಚ್ತೀರಿ ಮಾವ?" ಎಂದಳು ಸೊಸೆ. "ಎರಡೂ ಕಡೆ ಒಣಗಿದೆಯಲ್ಲ!"