ಮಹಡಿಯಲ್ಲಿ ತಿದ್ದಿದ್ದು, ಕೆಳಗೆ ಕತ್ತರಿಸಿದ್ದು

ಟೈಲರಮ್ಮನ ಹೊಲಿಗೆ ಕೋಣೆ ಕೆಳಗೆ, ಮಗಳ ಕೋಣೆ ಮಹಡಿಯಲ್ಲಿ. ಬಟ್ಟೆ ಕತ್ತರಿಸಲು ಬೇಕಾದ ಅಳತೆಯ ನಕ್ಷೆಗಳನ್ನು, ಅಂದರೆ ಪ್ಯಾಟರ್ನ್‌ಗಳನ್ನು, ಮಗಳು ತನ್ನ ಕಂಪ್ಯೂಟರಿನಲ್ಲಿ ಬಿಡಿಸುತ್ತಾಳೆ. ಪ್ರಿಂಟರ್ ಇರುವುದು ಕೆಳಗೆ, ಟೈಲರಮ್ಮನ ಕಂಪ್ಯೂಟರಿಗೆ ಅಂಟಿಕೊಂಡು. ನಡುವೆ ಓಡಾಡಲು ಒಂದು ಪೆನ್ ಡ್ರೈವ್. ಅದು ಬೇಕಾದಾಗ ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ.

ಒಂದು ದಿನ ಬಸ್ ಚಾಲಕರೊಬ್ಬರು ಯೂನಿಫಾರ್ಮ್ ಕೋಟು ಹಾಕಿ ನೋಡಲು ಬಂದಿದ್ದರು. ಭುಜದ ಆಪರೇಷನ್ ಆಗಿ ಮನೆಯಲ್ಲಿದ್ದವರು ಸೋಮವಾರ ಮತ್ತೆ ಕೆಲಸಕ್ಕೆ ಹೊರಟಿದ್ದರು. ಸ್ಟಿಯರಿಂಗ್ ಹಿಡಿದಂತೆ ಕೈ ಚಾಚಿದರೆ ಕೋಟಿನ ಬೆನ್ನು ಬಿಗಿದು ನಿಂತಿತು.

“ಟೈಲರಮ್ಮ, ಇದು ಕೋಟೋ, ಕಟ್ಟಿಹಾಕೋ ಹಗ್ಗಾನೋ? ಯೂನಿಫಾರ್ಮ್ ಇಲ್ದೆ ಬಂದ್ರೆ ಬಸ್ ಕೊಡಲ್ಲ ಅಂದಿದಾರೆ.”

ಟೈಲರಮ್ಮ ಮಗಳನ್ನು ಕೂಗಿದರು. ಪ್ಯಾಟರ್ನ್ ನೋಡಿದ ಮಗಳು ತಲೆ ಮೇಲೆ ಕೈ ಇಟ್ಟಳು.

“ಅಮ್ಮಾ, ಇದು ಹಳೇದು! ಬ್ಯಾಂಡೇಜ್ ಬಿಚ್ಚಿದ್ಮೇಲೆ ನೀನೇ ಮತ್ತೆ ಅಳತೆ ತಗೊಂಡ್ಯಲ್ಲ? ನಾನು ತಿದ್ದಿಟ್ಟಿದ್ದೆ.”

“ನೀನು ತಿದ್ದಿದ್ದು ಮೇಲೆ. ನನ್ನ ಹತ್ರ ಇದ್ದಿದ್ದು ಹಳೇದೇ. ಅದನ್ನೇ ಪ್ರಿಂಟ್ ತೆಗ್ದೆ.”

“ಕೊಡೋಣ ಅಂದ್ರೆ ಪೆನ್ ಡ್ರೈವ್ ಸಿಗ್ಲಿಲ್ಲ. ಗುಂಡಿ ಡಬ್ಬದಲ್ಲಿ ಹುಡುಕು ಅಂದೆ ನೀನು!”

ಉಳಿದ ಬಟ್ಟೆಯನ್ನು ಹರಡಿ ನೋಡಿದರು. ಡಿಪೋದವರು ಕೊಟ್ಟಿದ್ದು ಅಷ್ಟೇ. ಬೆನ್ನಿನ ತುಂಡು ಒಂದೇ ಒಂದು ಬರುತ್ತದೆ. ಇನ್ನೊಮ್ಮೆ ತಪ್ಪಿದರೆ ಕೋಟೇ ಇಲ್ಲ.

ಪಕ್ಕದ ಮನೆಯಾಕೆ ಜಿಪ್ ಹಾಕಿಸಲು ಬಂದು ಕುಳಿತಿದ್ದಳು. ಅವಳು ಲೈಬ್ರರಿಯಲ್ಲಿ ಕೆಲಸ ಮಾಡುತ್ತಾಳೆ.

“ಅಕ್ಕಾ, ಎರಡೂ ಕಂಪ್ಯೂಟರ್ ಒಂದೇ ವೈಫೈನಲ್ಲಿ ಇದಾವೆ. ಸೇರಿಸಿಬಿಡಬಾರ್ದಾ? ಮೇಲಿಂದ್ಲೇ ನಿಮ್ಮ ಪ್ರಿಂಟರಿಗೆ ಕಳಿಸಬಹುದು.”

“ಬೇಡಮ್ಮ ತಾಯಿ. ಇದರಲ್ಲಿ ಹೆಣ್ಣುಮಕ್ಕಳ ಅಳತೆ ಎಲ್ಲಾ ಇದೆ. ನನ್ನ ನಂಬಿ ಕೊಟ್ಟಿರೋದು. ಬಾಗಿಲು ತೆಗೆದು ಇಟ್ರೆ ಊರವರೆಲ್ಲ ನೋಡಲ್ವಾ?”

“ನೀವು ಹೆದರೋದು ಸರಿಯಾಗೇ ಇದೆ. ಅದಕ್ಕೇ ಮನೆ ಪೂರ್ತಿ ತೆಗೆಯೋದಲ್ಲ, ಒಂದು ಕಪಾಟು ಮಾತ್ರ. ಪ್ಯಾಟರ್ನ್ ಇರೋ ಫೋಲ್ಡರ್ ಒಂದನ್ನೇ ಹಂಚಿಕೊಳ್ಳೋದು. ಅಳತೆ ಫೋಲ್ಡರ್ ಮುಟ್ಟೋದೇ ಇಲ್ಲ.”

“ಗಿರಾಕಿ ಬಂದು ನಮ್ಮ ವೈಫೈ ಕೇಳ್ತಾರಲ್ಲ?”

“ಅವರಿಗೆ ಅತಿಥಿ ವೈಫೈ ಬೇರೆ ಮಾಡೋಣ. ಫೋಲ್ಡರಿಗೂ ಪಾಸ್‌ವರ್ಡ್ ಇರತ್ತೆ, ಮಗಳಿಗೆ ಮಾತ್ರ ಹೇಳಿ.”

“ಅವಳ ಬಾಯಲ್ಲಿ ಗುಟ್ಟು ನಿಲ್ಲತ್ತಾ?”

“ಅಮ್ಮಾ!”

ಚಾಲಕರು ನಕ್ಕರು. ಟೈಲರಮ್ಮ ಉಳಿದ ಬಟ್ಟೆಯನ್ನು ಇನ್ನೊಮ್ಮೆ ನೋಡಿ, “ಸರಿ, ಮಾಡು. ನಾನು ಪಕ್ಕದಲ್ಲೇ ಕೂತು ನೋಡ್ತೀನಿ,” ಎಂದರು.

ಪಕ್ಕದ ಮನೆಯಾಕೆ ಒಂದೊಂದನ್ನೂ ಹೇಳುತ್ತಲೇ ಮಾಡಿದಳು. ಮೊದಲು ಎರಡೂ ಕಂಪ್ಯೂಟರಿನ ಸೆಟ್ಟಿಂಗಿನಲ್ಲಿ ಮನೆಯ ವೈಫೈಯನ್ನು ಖಾಸಗಿ ಎಂದು ಗುರುತಿಸಿದಳು. ಫೈಲು ಮತ್ತು ಪ್ರಿಂಟರ್ ಹಂಚಿಕೆಯನ್ನು ಆನ್ ಮಾಡಿದಳು. ಕೆಳಗಿನ ಕಂಪ್ಯೂಟರಿನಲ್ಲಿ ಮಗಳ ಹೆಸರಿಗೆ ಪಾಸ್‌ವರ್ಡ್ ಇರುವ ಒಂದು ಖಾತೆ ಮಾಡಿದಳು. ಅದರಲ್ಲಿದ್ದ ಪ್ಯಾಟರ್ನ್ ಫೋಲ್ಡರಿನ ಮೇಲೆ ಬಲಗಡೆ ಕ್ಲಿಕ್ ಮಾಡಿ, ಹಂಚಿಕೆ ಆರಿಸಿ, ಮಗಳ ಹೆಸರನ್ನಷ್ಟೇ ಸೇರಿಸಿ, ಅವಳಿಗೆ ತಿದ್ದುವ ಅನುಮತಿ ಕೊಟ್ಟಳು. ಪ್ರಿಂಟರನ್ನೂ ಹಂಚಿದಳು, ಗಿರಾಕಿಗಳಿಗೆ ಅತಿಥಿ ವೈಫೈ ಬೇರೆ ಮಾಡಿಟ್ಟಳು. ಆಮೇಲೆ ಮಗಳು ಮೇಲೆ ಹೋಗಿ ತನ್ನ ಕಂಪ್ಯೂಟರಿಗೆ ಆ ಪ್ರಿಂಟರನ್ನು ಸೇರಿಸಿ, ಪಾಸ್‌ವರ್ಡ್ ಕೊಟ್ಟು ಆ ಫೋಲ್ಡರನ್ನು ತೆರೆದು, ತಿದ್ದಿದ ಪ್ಯಾಟರ್ನನ್ನು ಅದರೊಳಗೆ ಇಟ್ಟಳು. ಹಳೆಯದನ್ನು ಅಳಿಸಿದಳು.

“ಅಕ್ಕಾ, ಮೇಲಿಂದ ಪ್ರಿಂಟ್ ಬೇಕಾದಾಗ ಕೆಳಗಿನ ಕಂಪ್ಯೂಟರ್ ಆನ್ ಇರಬೇಕು, ಮರೀಬೇಡಿ.”

ಟೈಲರಮ್ಮ ಚಾಲಕರ ಬೆನ್ನಿಗೆ ಟೇಪು ಹಿಡಿದು ಮೇಲಕ್ಕೆ ಕೂಗಿದರು, “ಬಲ ಭುಜಕ್ಕೆ ಇನ್ನು ಅರ್ಧ ಇಂಚು ಬಿಡೇ!”

“ಬಿಟ್ಟೆ! ಬರ್ತಾ ಇದೆ ನೋಡು!”

ಕೆಳಗೆ ಪ್ರಿಂಟರ್ ಗೊರಗೊರ ಎಂದು ಹಾಳೆಗಳನ್ನು ಹೊರಹಾಕಿತು. ಟೈಲರಮ್ಮ ಅವನ್ನು ಅಂಟಿಸಿ, ಅಳೆದು, ಮತ್ತೆ ಅಳೆದು, ಕತ್ತರಿ ಹಿಡಿದರು. ಸೋಮವಾರ ಬೆಳಿಗ್ಗೆ ಚಾಲಕರು ಆ ಕೋಟು ಹಾಕಿಕೊಂಡು ಬಸ್ಸು ಹತ್ತಿದರು.

ನಿಮ್ಮ ಮನೆಯಲ್ಲೂ ಎರಡು ಕಂಪ್ಯೂಟರ್ ಇದ್ದರೆ ಇವತ್ತೇ ಬಿಡುವು ಮಾಡಿಕೊಂಡು ಸೇರಿಸಿ. ಬೇಕಾದ ಫೋಲ್ಡರ್ ಮಾತ್ರ ಹಂಚಿ, ಪಾಸ್‌ವರ್ಡ್ ಇಡಿ. ಬಸ್ ನಿಲ್ದಾಣದಂಥ ಕಡೆ ವೈಫೈ ಬಳಸುವಾಗ ಹಂಚಿಕೆಯನ್ನು ಆಫ್ ಮಾಡಿ. ಮುಖ್ಯವಾದ ಫೈಲುಗಳ ಇನ್ನೊಂದು ಪ್ರತಿಯನ್ನು ಬೇರೆ ಕಡೆ ಜೋಪಾನ ಮಾಡಿ. ಆದರೆ ದಿನದ ಕೆಲಸಕ್ಕೆ ಮನೆಯವರೆಲ್ಲ ತೆರೆಯುವ ಫೈಲು ಒಂದೇ ಇರಲಿ.